ಹಾಲು ತಾಯಿಯದು, ಹೊತ್ತು ಕೊಡುವವರು ಯಾರು?



ಹಾನುಬಾಳಿನ ಸುತ್ತಮುತ್ತ ಕಾಫಿ ಹಣ್ಣಾಗುವ ಕಾಲ ನಿಮಗೆಲ್ಲ ಗೊತ್ತಿರುವುದೇ. ಮೊದಲು ಅರೇಬಿಕಾ, ಹೊಸ ವರ್ಷ ಬಂದ ಮೇಲೆ ರೋಬಸ್ಟಾ. ಕೊಯ್ಲು ಮುಗಿಯುವ ತನಕ ನಮ್ಮ ಮಲೆನಾಡಿನಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಬೆಳಗಿನ ಮಂಜು ಕರಗುವ ಮೊದಲೇ ಹೆಂಗಸರು ತಲೆಗೆ ಬಟ್ಟೆ ಬಿಗಿದು, ಬುತ್ತಿ ಹಿಡಿದು ತೋಟಕ್ಕೆ ಹೊರಡುತ್ತಾರೆ. ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿಯಾದರೆ, ಕೈ ನಿಂತ ಹೊತ್ತಿಗೆ ಕಾಸೂ ನಿಂತಿತು.

ಆ ಸಾಲಿನಲ್ಲಿ, ನಾಲ್ಕು ತಿಂಗಳ ಕೂಸನ್ನು ಮನೆಯಲ್ಲಿ ಬಿಟ್ಟು ಬಂದ ತಾಯಿಯೊಬ್ಬಳನ್ನು ನೆನೆದುಕೊಳ್ಳಿ. ಹತ್ತು ಗಂಟೆಗೆ ಅವಳ ಎದೆ ಬಿಗಿಯುತ್ತದೆ. ಹನ್ನೊಂದಕ್ಕೆ ರವಿಕೆ ಒದ್ದೆಯಾಗುತ್ತದೆ. ಸೆರಗು ಹೊದ್ದುಕೊಂಡು ಕೊಯ್ಯುತ್ತಲೇ ಇರುತ್ತಾಳೆ. ಅತ್ತ ಮನೆಯಲ್ಲಿ ಸೀರೆಯ ಜೋಲಿಯೊಳಗೆ ಕೂಸು ಅಳುತ್ತದೆ. ಅಜ್ಜಿ ಏನು ಮಾಡಿಯಾಳು? ಸಕ್ಕರೆ ನೀರು ಹಾಕುತ್ತಾಳೆ, ಇಲ್ಲವೇ ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸುತ್ತಾಳೆ. ಕೆಲವು ವಾರ ಹೀಗೆಯೇ ನಡೆದರೆ ತಾಯಿಯ ಹಾಲು ಇಳಿಯುತ್ತದೆ. ಆಗ ಮನೆಯಲ್ಲಿ ಮಾತು ಬರುತ್ತದೆ: "ಇವಳಿಗೆ ಹಾಲೇ ಇಲ್ಲ."

ತೋಟದ ಆಳಿಗೆ ಮಾತ್ರ ಬಂದ ಕಷ್ಟ ಇದಲ್ಲ. ಬೆಳಗಿನ ಬಸ್ಸು ಹಿಡಿದು ಹಾಸನದ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವವಳು, ಸಕಲೇಶಪುರದ ಅಂಗಡಿಯಲ್ಲಿ ನಿಲ್ಲುವವಳು, ಶಾಲೆಯಲ್ಲಿ ಪಾಠ ಹೇಳುವವಳು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿ, ಇವರೆಲ್ಲರೂ ಈ ದಾರಿಯಲ್ಲಿ ನಡೆದವರೇ. ಇವರಲ್ಲಿ ಎಷ್ಟೋ ಜನ ಭಾನುವಾರ ನಮ್ಮ ಪಕ್ಕದಲ್ಲೇ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುತ್ತಾರೆ. ಅವರ ಈ ನೋವು ನಮ್ಮ ವಿಶ್ವಾಸಕ್ಕೆ ಸಂಬಂಧಿಸಿದ್ದೇ? ಹೌದು, ನೇರವಾಗಿ ಸಂಬಂಧಿಸಿದ್ದು. ಪವಿತ್ರ ಗ್ರಂಥವನ್ನೇ ತೆರೆದು ನೋಡೋಣ.

ವಿಮೋಚನಾಕಾಂಡದ ಎರಡನೆಯ ಅಧ್ಯಾಯವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಫರೋಹನ ಆಜ್ಞೆಗೆ ಹೆದರಿದ ಇಬ್ರಿಯ ತಾಯಿ ತನ್ನ ಮೂರು ತಿಂಗಳ ಗಂಡುಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ನದಿಯಂಚಿನ ಜಂಬುಹುಲ್ಲಿನ ನಡುವೆ ಇಡುತ್ತಾಳೆ. ಫರೋಹನ ಮಗಳು ಮಗುವನ್ನು ಕಂಡು ಕರಗುತ್ತಾಳೆ. ದೂರದಲ್ಲಿ ಕಾದಿದ್ದ ಅಕ್ಕ ಓಡಿಬಂದು, ಹಾಲೂಡಿಸಲು ಒಬ್ಬಾಕೆಯನ್ನು ಕರೆತರಲೇ ಎಂದು ಕೇಳಿ, ಮಗುವಿನ ಹೆತ್ತ ತಾಯಿಯನ್ನೇ ಕರೆತರುತ್ತಾಳೆ. ಬಾಲಕ ಮೋಶೆ ಬದುಕಿದ್ದು ಹೀಗೆ.

ಇದರಲ್ಲಿ ನಮ್ಮ ಗಮನಕ್ಕೆ ಬಾರದೆ ಹೋಗುವ ಒಂದು ಮಾತಿದೆ. ಒಂಬತ್ತನೆಯ ವಚನವನ್ನು ಓದಿನೋಡಿ. ಈ ಮಗುವಿಗೆ ಹಾಲೂಡಿಸು, ಅದಕ್ಕೆ ನಾನು ಸಂಬಳ ಕೊಡುತ್ತೇನೆ ಎಂಬ ಅರ್ಥದ ಮಾತನ್ನು ರಾಜಕುಮಾರಿ ಆಡುತ್ತಾಳೆ. ಹಾಲೂಡಿಸುವ ಹೊತ್ತು ಅವಳ ಲೆಕ್ಕದಲ್ಲಿ ವ್ಯರ್ಥವಾದ ಹೊತ್ತಲ್ಲ, ಕೂಲಿ ಸಲ್ಲಬೇಕಾದ ಹೊತ್ತು. ಅವಳು ಇಸ್ರಯೇಲಿನ ದೇವರನ್ನು ಅರಿತವಳಲ್ಲ. ಜೀತ ಮಾಡಿಸುತ್ತಿದ್ದ ಮನೆತನದವಳು. ಆದರೂ ಆ ತಾಯಿಗೆ ಮಗುವನ್ನೂ ಕೊಟ್ಟಳು, ಹೊತ್ತನ್ನೂ ಕೊಟ್ಟಳು, ಸಂಬಳವನ್ನೂ ಕೊಟ್ಟಳು. ದೀಕ್ಷಾಸ್ನಾನ ಪಡೆದ ನಾವು ಅವಳಿಗಿಂತ ಕಡಿಮೆ ಕೊಡಬಹುದೇ?

ಹನ್ನಳನ್ನೂ ನೆನೆಯೋಣ. ಕಣ್ಣೀರಿಟ್ಟು ಪಡೆದ ಸಮುವೇಲನನ್ನು ದೇವರಿಗೆ ಅರ್ಪಿಸುವುದಾಗಿ ಹರಕೆ ಹೊತ್ತವಳು ಅವಳು. ಆದರೂ ಮಗು ಮೊಲೆಬಿಡುವ ತನಕ ವಾರ್ಷಿಕ ಬಲಿಗೂ ಹೋಗದೆ ಮನೆಯಲ್ಲೇ ಉಳಿದಳು. ಪತಿ ಎಲ್ಕಾನ ಅವಳನ್ನು ಗದರಲಿಲ್ಲ; ನಿನಗೆ ಸರಿ ಕಂಡಂತೆ ಮಾಡು ಎಂದ (1 ಸಮುವೇಲ 1:22-23). ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಏಳು ಮಕ್ಕಳ ತಾಯಿ ತನ್ನ ಕೊನೆಯ ಮಗನಿಗೆ ಧೈರ್ಯ ಹೇಳುವಾಗ, ಒಂಬತ್ತು ತಿಂಗಳು ಹೊತ್ತದ್ದನ್ನು ಮಾತ್ರವಲ್ಲ, ಮೂರು ವರ್ಷ ಹಾಲೂಡಿಸಿದ್ದನ್ನೂ ನೆನಪಿಸುತ್ತಾಳೆ (7:27). ಪ್ರವಾದಿ ಯೆಶಾಯ ದೇವರ ಪ್ರೀತಿಗೆ ಹೋಲಿಕೆ ಹುಡುಕಿದಾಗ ಮೊಲೆಕೂಸನ್ನು ಮರೆಯದ ತಾಯಿಯ ಕಡೆಗೇ ತಿರುಗಿದರು (49:15).

ಧರ್ಮಸಭೆಯ ಬೋಧನೆಯೂ ಇದೇ ದಾರಿಯಲ್ಲಿದೆ. 1981ರ ತಮ್ಮ ವಿಶ್ವಪತ್ರ 'ಲಬೋರೆಂ ಎಕ್ಸರ್ಸೆನ್ಸ್'ನಲ್ಲಿ ಜಗದ್ಗುರು ಸಂತ ಎರಡನೆಯ ಜಾನ್ ಪೌಲರು, ತಾಯ್ತನಕ್ಕೆ ಪೆಟ್ಟು ಬೀಳದಂತೆ ದುಡಿಮೆಯನ್ನು ಏರ್ಪಡಿಸಬೇಕೆಂದು ಬೋಧಿಸಿದರು. 1995ರ ಮೇ 12ರಂದು ರೋಮಿನಲ್ಲಿ ಎದೆಹಾಲಿನ ವಿಷಯವಾಗಿ ಸೇರಿದ್ದ ವಿಜ್ಞಾನಿಗಳೊಂದಿಗೆ ಅವರು ಮಾತನಾಡಿದರು. ಎದೆಹಾಲು ಮಗುವನ್ನು ಪೋಷಿಸಿ ರೋಗಗಳಿಂದ ಕಾಯುತ್ತದೆ, ತಾಯಿಮಗುವಿನ ನಂಟನ್ನು ಬೆಸೆಯುತ್ತದೆ ಎಂದರು. ಇಂದಿನ ಸಮಾಜ ಹೆಂಗಸರಿಂದ ಬಹಳವನ್ನು ಬಯಸುತ್ತದೆ, ಹಾಲೂಡಿಸಲು ಬೇಕಾದ ಸಮಯವನ್ನು ಮಾತ್ರ ಅವರಿಗೆ ಉಳಿಸುವುದಿಲ್ಲ ಎಂಬ ಕಳವಳವನ್ನೂ ತೋಡಿಕೊಂಡರು. 2014ರ ಜನವರಿಯಲ್ಲಿ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ನೀಡಿದ ಜಗದ್ಗುರು ಫ್ರಾನ್ಸಿಸರು, ಮಗು ಹಸಿದಿದ್ದರೆ ಸಂಕೋಚವಿಲ್ಲದೆ ಅಲ್ಲೇ ಹಾಲೂಡಿಸಿರೆಂದು ತಾಯಂದಿರಿಗೆ ಹೇಳಿದರು. ಅಂಥ ಪವಿತ್ರ ಸ್ಥಳದಲ್ಲಿ ನಾಚಿಕೆಯಲ್ಲದ್ದು ನಮ್ಮ ದೇವಾಲಯದ ಜಗಲಿಯಲ್ಲಿ ನಾಚಿಕೆಯಾಗುವುದು ಹೇಗೆ?

ಈಗ ಕೆಲಸಕ್ಕೆ ಮರಳುತ್ತಿರುವ ತಾಯಂದಿರಿಗೆ ಎರಡು ಮಾತು. ತಂಗಿ, ಹಾಲು ಇಳಿದದ್ದು ನಿನ್ನ ಪಾಪದಿಂದಲ್ಲ, ಯಾರ ಕಣ್ಣು ತಗುಲಿಯೂ ಅಲ್ಲ. ಎದೆ ಬರಿದಾದಷ್ಟೂ ಹಾಲು ಊರುತ್ತದೆ. ಹೊತ್ತುಗಟ್ಟಲೆ ಹಾಗೆಯೇ ತುಂಬಿ ನಿಂತರೆ ಸಾಕೆಂದು ತಿಳಿದು ದೇಹ ಕಡಿಮೆ ಮಾಡುತ್ತದೆ. ಆದ್ದರಿಂದ ಮಗು ಹತ್ತಿರವಿಲ್ಲದಾಗ ಹಾಲನ್ನು ಹಿಂಡಿ ತೆಗೆಯಬೇಕು. ಆದರೆ ಪಂಪು ಇರಲೇಬೇಕೆಂದಿಲ್ಲ. ಕೈಯನ್ನು ಸೋಪಿನಿಂದ ತೊಳೆದು, ಹೆಬ್ಬೆರಳನ್ನು ಮೊಲೆತೊಟ್ಟಿನ ಕಪ್ಪುಭಾಗದ ಮೇಲೂ ಉಳಿದ ಬೆರಳುಗಳನ್ನು ಕೆಳಗೂ ಇಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಮೆತ್ತಗೆ ಹಿಸುಕಿದರೆ ಹಾಲು ಬರುತ್ತದೆ. ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಅಭ್ಯಾಸ ಮಾಡಿಕೊಂಡರೆ ಗಾಬರಿ ಇರುವುದಿಲ್ಲ. ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ದಾದಿಯನ್ನೋ ಕೇಳಿದರೆ ತೋರಿಸಿಕೊಡುತ್ತಾರೆ.

ಹಿಂಡಿದ ಹಾಲನ್ನು ಕುದಿಸಿದ ನೀರಿನಲ್ಲಿ ಶುದ್ಧಮಾಡಿದ, ಮುಚ್ಚಳವಿರುವ ಪಾತ್ರೆಯಲ್ಲಿಡಬೇಕು. ತಂಪಾದ ನೆರಳಿನಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇಡಬಹುದು. ಒಲೆಯ ಮೇಲೆ ಕಾಯಿಸಬಾರದು. ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟರೆ ಸಾಕು. ಮಗು ಕುಡಿದು ಬಿಟ್ಟದ್ದನ್ನು ಮತ್ತೊಮ್ಮೆಗೆ ಎತ್ತಿಡಬಾರದು. ಕುಡಿಸಲು ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಒಳ್ಳೆಯದು. ತೊಳೆಯುವುದು ಸುಲಭ, ಮಗು ಎದೆಯನ್ನು ಮರೆಯುವ ಭಯವೂ ಕಡಿಮೆ. ಮನೆ ಬಿಡುವ ಮುನ್ನ ಒಮ್ಮೆ, ಬಂದ ಕೂಡಲೇ ಒಮ್ಮೆ, ರಾತ್ರಿ ಮಗು ಕೇಳಿದಾಗಲೆಲ್ಲ ಹಾಲೂಡಿಸು. ರಾತ್ರಿಯ ಹಾಲೂಡಿಕೆಯೇ ಹಾಲನ್ನು ಉಳಿಸುತ್ತದೆ. ತೋಟದಿಂದ ಬಂದರೆ ಕೈ ಮೈ ತೊಳೆದು, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೋ. ಔಷಧಿ ಸಿಂಪಡಿಸಿದ ದಿನವಂತೂ ಇದನ್ನು ಮರೆಯಬೇಡ. ಆರು ತಿಂಗಳ ತನಕ ಎದೆಹಾಲು ಮಾತ್ರ, ಆಮೇಲೆ ರಾಗಿ ಸರಿ, ಬೇಳೆ, ಅನ್ನದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಆದರೆ ಪ್ರಿಯರೇ, ಇದನ್ನೆಲ್ಲ ತಾಯಿಗೆ ಹೇಳಿ ನಾವು ಕೈತೊಳೆದುಕೊಂಡರೆ ಅದು ಪ್ರಬೋಧನೆಯಾಗದು, ಅವಳ ತಲೆಯ ಮೇಲೆ ಮತ್ತೊಂದು ಹೊರೆಯಾದೀತು. ಹಾಲು ಅವಳದು, ಹೊತ್ತು ಮಾತ್ರ ಅವಳ ಕೈಯಲ್ಲಿಲ್ಲ. ಅದು ಇರುವುದು ನಮ್ಮ ಕೈಯಲ್ಲಿ.

ಗಂಡಂದಿರೇ, ಎಲ್ಕಾನನನ್ನು ನೋಡಿ ಕಲಿಯಿರಿ. ಸಂಜೆ ಅವಳು ಬಂದೊಡನೆ ಒಲೆ ಮಗು ಎರಡೂ ಅವಳಿಗೇ ಎಂದರೆ ಹೇಗೆ? ಅವಳು ಹಾಲೂಡಿಸುವಾಗ ನೀವು ನೀರು ಕಾಯಿಸಿ, ಅನ್ನಕ್ಕಿಡಿ, ಒಳಲೆಯನ್ನು ಕುದಿಸಿಡಿ. ಅತ್ತೆಯಂದಿರೇ, ಬಿಸಿಲಿನಲ್ಲಿ ದುಡಿದವಳ ಹಾಲು ಕೆಟ್ಟಿರುತ್ತದೆ, ಹಿಂಡಿದ ಹಾಲು ಕುಡಿಸಬಾರದು ಎಂಬ ಹಳೆಯ ಭಯಗಳನ್ನು ಬಿಡಿ. ಸೊಸೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ತಾಳ್ಮೆಯಿಂದ ಕುಡಿಸುವ ನಿಮ್ಮ ಕೈ ಜಪಸರ ಹಿಡಿದ ಕೈಯಷ್ಟೇ ದೇವರಿಗೆ ಮೆಚ್ಚುಗೆ.

ತೋಟದ ಯಜಮಾನರೇ, ರೈಟರುಗಳೇ, ಮೇಸ್ತ್ರಿಗಳೇ, ನಿಮ್ಮಲ್ಲಿ ಅನೇಕರು ನಮ್ಮ ಧರ್ಮಕೇಂದ್ರಗಳ ಆಧಾರಸ್ತಂಭಗಳು. ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಗಳಿಗೆ ಕೋಣೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಮಗುವಿಗೆ ಹದಿನೈದು ತಿಂಗಳು ತುಂಬುವ ತನಕ, ಮಾಮೂಲು ವಿಶ್ರಾಂತಿಯಲ್ಲದೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಟ್ಟಿತು. ಹೆರಿಗೆಗೆ ಮೊದಲಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲ ಎರಡು ಮಕ್ಕಳ ಹೆರಿಗೆಯಲ್ಲಿ 26 ವಾರಗಳ ಸಂಬಳಸಹಿತ ರಜೆ ಎಂದು 2017ರ ತಿದ್ದುಪಡಿ ಹೇಳಿತು. ಐವತ್ತು ಜನ ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದೂ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹಕ್ಕುಗಳಿವೆ.

ನನ್ನದು ಸಣ್ಣ ತೋಟ, ಹತ್ತು ಆಳುಗಳಷ್ಟೇ ಎನ್ನುವಿರಾ? ಕಾನೂನಿನ ಲೆಕ್ಕ ಐವತ್ತರಿಂದ ಆರಂಭವಾಗಬಹುದು. ದೇವರ ಲೆಕ್ಕ ಒಂದೇ ಕೂಸಿನಿಂದ ಆರಂಭವಾಗುತ್ತದೆ. ಕಣದ ಪಕ್ಕದ ಗೋದಾಮಿನಲ್ಲಿ ಒಂದು ಮೂಲೆಗೆ ಪರದೆ ಕಟ್ಟಿಸಿ. ಒಂದು ಮಣೆ, ಸೋಪು, ಬಿಸಿನೀರು ಇಡಿಸಿ. ಮಗುವನ್ನು ಹತ್ತಿರ ಕರೆತರಲು ಅಜ್ಜಿಗೆ ಅನುಮತಿ ಕೊಡಿ. ತೂಕ ಹಾಕುವಾಗ, ಅವಳು ಹಾಲೂಡಿಸಿದ ಹೊತ್ತಿನ ಹಣ್ಣನ್ನು ನಿಮ್ಮ ಕೈಯಿಂದಲೇ ತುಂಬಿಕೊಡಿ. ಇದು ಭಿಕ್ಷೆಯಲ್ಲ, ಫರೋಹನ ಮಗಳು ಕೊಟ್ಟ ಸಂಬಳ.

ಇನ್ನು ನಮ್ಮ ಧರ್ಮಕೇಂದ್ರಗಳು. ಅಸ್ಸಾಮಿನಿಂದ, ಬಂಗಾಳದಿಂದ ಕೆಲಸಕ್ಕೆ ಬಂದು ಲೈನುಮನೆಗಳಲ್ಲಿರುವ ತಾಯಂದಿರಿಗೆ ಇಲ್ಲಿ ಅತ್ತೆಯೂ ಇಲ್ಲ, ತವರೂ ಇಲ್ಲ. ನಮ್ಮ ಮಹಿಳಾ ಸಂಘ ಅವರಿಗೆ ತವರಾಗಲಿ. 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ತೊಡಗಿತು. ನಿಮ್ಮ ಪಂಚಾಯತಿಯಲ್ಲಿ ಅದು ಇದೆಯೇ, ನಡೆಯುತ್ತಿದೆಯೇ ಎಂದು ನಾಲ್ಕು ಜನ ಹೋಗಿ ವಿಚಾರಿಸಿ. ದೇವಾಲಯದಲ್ಲಿ ಮಗು ಅತ್ತರೆ ತಿರುಗಿ ನೋಡಿ ಮುಖ ಸಿಂಡರಿಸುವ ಅಭ್ಯಾಸವನ್ನು ನಾವೆಲ್ಲರೂ, ಬಲಿಪೀಠದಲ್ಲಿ ನಿಂತವರೂ ಸೇರಿ, ಬಿಡೋಣ.

ಆರೋಗ್ಯಮಾತೆಯ ಭಕ್ತರಿಗೆ ವೇಳಾಂಗಣಿಯ ಪರಂಪರೆ ತಿಳಿದಿದೆ. ಹಾಲು ಹೊತ್ತು ಹೋಗುತ್ತಿದ್ದ ಬಡ ಹುಡುಗನ ಬಳಿ ಮಾತೆ ತನ್ನ ಕಂದನಿಗಾಗಿ ಹಾಲು ಬೇಡಿದಳು, ಅವನು ಕೊಟ್ಟ, ಆದರೂ ಅವನ ಪಾತ್ರೆ ಬರಿದಾಗಲಿಲ್ಲ. ದೇವಮಾತೆಯೇ ಕೈಯೊಡ್ಡಿ ಕೇಳಿದ್ದಾಳೆಂದ ಮೇಲೆ, ಯಾವ ತಾಯಿಯೂ ನೆರವು ಕೇಳಲು ನಾಚಬೇಕಾಗಿಲ್ಲ. ಕೊಟ್ಟವರ ಪಾತ್ರೆಯೂ ಬರಿದಾಗುವುದಿಲ್ಲ.

ಎಷ್ಟು ಪ್ರಯತ್ನಿಸಿದರೂ ಹಾಲು ಉಳಿಯದ ತಾಯಂದಿರೂ ನಮ್ಮ ನಡುವೆ ಇದ್ದಾರೆ. ಕಾಯಿಲೆಯಿಂದ, ಬಡತನದಿಂದ, ಬಿಡುವು ಸಿಗದೆ ಹಾಗಾಗಿರಬಹುದು. ಅವರನ್ನು ಯಾರೂ ಚುಚ್ಚಬೇಡಿ. ವೈದ್ಯರ ಸಲಹೆಯಂತೆ ಬೇರೆ ಹಾಲು ಕುಡಿಸಿ ಬೆಳೆಸಿದ ತಾಯಿಯೂ ದೇವರ ಕಣ್ಣಿಗೆ ಪೂರ್ಣ ತಾಯಿಯೇ.

ಲೂಕರ ಶುಭಸಂದೇಶದಲ್ಲಿ (11:27-28) ಜನರ ನಡುವಿನಿಂದ ಒಬ್ಬ ಹೆಂಗಸು, ಯೇಸುಸ್ವಾಮಿಯನ್ನು ಹೆತ್ತು ಹಾಲೂಡಿಸಿದ ತಾಯಿಯನ್ನು ಕೂಗಿ ಹರಸುತ್ತಾಳೆ. ಯೇಸುಸ್ವಾಮಿ ಆ ಹರಕೆಯನ್ನು ತಳ್ಳಿಹಾಕಲಿಲ್ಲ; ದೇವರ ವಾಕ್ಯವನ್ನು ಕೇಳಿ ಅದರಂತೆ ನಡೆಯುವವರೆಲ್ಲರಿಗೂ ಅದನ್ನು ಹರಡಿದರು. ತಾಯಿ ತನ್ನ ಪಾಲನ್ನು ನಡೆಸುತ್ತಿದ್ದಾಳೆ. ನಡೆಯಬೇಕಾದವರು ಉಳಿದ ನಾವು.

ಪ್ರಾರ್ಥಿಸೋಣ: ಕನ್ಯಾಮರಿಯಮ್ಮನವರ ಎದೆಹಾಲುಂಡು ಬೆಳೆದ ಪ್ರಭುವೇ, ಕೂಸನ್ನು ಮನೆಯಲ್ಲಿ ಬಿಟ್ಟು ದುಡಿಯಲು ಹೋಗುವ ಪ್ರತಿಯೊಬ್ಬ ತಾಯಿಯನ್ನೂ ಕಾಪಾಡಿರಿ. ಅವಳಿಗೆ ಸಲ್ಲಬೇಕಾದ ಹೊತ್ತನ್ನು ಕಸಿದುಕೊಳ್ಳದ ಮನಸ್ಸನ್ನು ನಮಗೆ ದಯಪಾಲಿಸಿರಿ. ಆಮೆನ್.