ಒಂದಗುಳಿನ ನ್ಯಾಯ

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಕು ಅಂತಾರೆ. ಪಂಡಿತರು ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಅಂತ ಹೆಸರಿಟ್ಟರು. ನಮ್ಮ ಅವ್ವಂದಿರಿಗೆ ಆ ಹೆಸರು ಗೊತ್ತಿಲ್ಲ. ಆದರೆ ಅದರ ಗುಟ್ಟು ಗೊತ್ತಿದೆ. ಸೌಟು ಹಾಕಿ ತಳದಿಂದ ತಿರುವಿದ ಮೇಲೆಯೇ ಅವರು ಅಗುಳು ತೆಗೆಯುವುದು. ತಿರುವದ ಮಡಕೆಯಲ್ಲಿ ಮೇಲಿನ ಅಗುಳಿಗೂ ತಳದ ಅಗುಳಿಗೂ ಸಂಬಂಧವಿಲ್ಲ. ಅಲ್ಲಿ ಒಂದಗುಳಿನ ಸಾಕ್ಷಿ ಸುಳ್ಳು ಸಾಕ್ಷಿ.

ಮಾದರಿ ಸಮೀಕ್ಷೆ ಅನ್ನುವ ಶಾಸ್ತ್ರವೆಲ್ಲ ನಿಂತಿರುವುದು ಈ ಸೌಟಿನ ಮೇಲೆ. ಪ್ರತಿಯೊಬ್ಬನಿಗೂ ಮಾದರಿಯೊಳಗೆ ಬರುವ ಅವಕಾಶ ಇರಬೇಕು, ಆ ಅವಕಾಶ ಎಷ್ಟೆಂಬುದು ಮೊದಲೇ ಗೊತ್ತಿರಬೇಕು. ಆಗ ಕೆಲವು ಸಾವಿರ ಮನೆಗಳ ಮಾತು ಕೋಟಿ ಮನೆಗಳ ಮಾತಾಗುತ್ತದೆ. ಮಹಲನೊಬಿಸ್ ಅವರ ಮುಂದಾಳ್ತನದಲ್ಲಿ 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ನಂಬಿಕೆಯದ್ದೇ. ಲೆಕ್ಕವಾಗಿ ಇದರಲ್ಲಿ ತಪ್ಪಿಲ್ಲ. ಆದರೆ ಭಾರತದ ಸಮಾಜವನ್ನು ಯಾರು ತಿರುವಿದ್ದಾರೆ? ಊರು ಒಂದು ಒಲೆ, ಕೇರಿ ಇನ್ನೊಂದು ಒಲೆ. ಸಾವಿರಾರು ವರ್ಷಗಳಿಂದ ಬೇರೆಬೇರೆಯಾಗಿ ಬೇಯುತ್ತಿರುವ ಎರಡು ಮಡಕೆಗಳು ಇವು. ಅದಕ್ಕೇ ಶಾಸ್ತ್ರ ಬಲ್ಲವರು ಪದರ ಪದರವಾಗಿ ವಿಂಗಡಿಸಿ ಒಂದೊಂದು ಪದರದಿಂದಲೂ ಮಾದರಿ ತೆಗೆಯಬೇಕೆನ್ನುತ್ತಾರೆ. ಜಾತಿ ಎಲ್ಲಿದೆ ಎಂದು ಕೇಳುವ ನಮ್ಮ ಸುಶಿಕ್ಷಿತ ಮಿತ್ರರಿಗಿಂತ ಈ ಶಾಸ್ತ್ರ ಪ್ರಾಮಾಣಿಕವಾಗಿದೆ. ಪದರಗಳಿವೆ ಎಂದಾದರೂ ಅದು ಒಪ್ಪಿಕೊಳ್ಳುತ್ತದೆ.

ಎಣಿಕೆಯಲ್ಲಿ ಎರಡು ಬಗೆಯ ತಪ್ಪುಗಳಿವೆ. ಒಂದು ಆಕಸ್ಮಿಕದ ತಪ್ಪು. ಇನ್ನಷ್ಟು ಜನರನ್ನು ಕೇಳಿದರೆ ಅದು ಕಡಿಮೆಯಾಗುತ್ತದೆ. ಇನ್ನೊಂದು ವಾಲಿಕೆಯ ತಪ್ಪು. ಒಂದು ತಟ್ಟೆಗೆ ಹುಣಸೆಹಣ್ಣು ಅಂಟಿಸಿದ ತಕ್ಕಡಿಯಲ್ಲಿ ಸಾವಿರ ಸಲ ತೂಗಿದರೂ ಮೋಸ ಮೋಸವೇ. ಅಮೆರಿಕದಲ್ಲಿ 1936ರ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾಗದ ಹಾಕಿ, ಇಪ್ಪತ್ತು ಲಕ್ಷಕ್ಕೂ ಮೀರಿದ ಉತ್ತರ ಎಣಿಸಿ, ಲ್ಯಾಂಡನ್ ಗೆಲ್ಲುತ್ತಾನೆಂದು ಸಾರಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದವನು ರೂಸ್‌ವೆಲ್ಟ್. ಪತ್ರಿಕೆ ವಿಳಾಸ ಹುಡುಕಿದ್ದು ಟೆಲಿಫೋನ್ ಪುಸ್ತಕದಲ್ಲಿ, ಕಾರು ಇಟ್ಟವರ ಪಟ್ಟಿಯಲ್ಲಿ. ಕೆಲಸವಿಲ್ಲದೆ ಗಂಜಿಗೆ ಸಾಲು ನಿಂತವನ ವಿಳಾಸ ಆ ಪಟ್ಟಿಗಳಲ್ಲಿ ಎಲ್ಲಿಂದ ಬರಬೇಕು? ಸಾಲದ್ದಕ್ಕೆ, ಕಾಗದ ತಲುಪಿದವರಲ್ಲೂ ಮುಕ್ಕಾಲು ಪಾಲು ಜನ ಉತ್ತರವನ್ನೇ ಕೊಟ್ಟಿರಲಿಲ್ಲ.

ಹಾಗಾದರೆ ನಮ್ಮ ಪ್ರಶ್ನೆ ಇದು: ವಾಲಿದ ಎಣಿಕೆ ಬರೀ ಲೆಕ್ಕದ ತಪ್ಪೋ, ನ್ಯಾಯದ ತಪ್ಪೋ?

ದೂರ ಹೋಗುವುದು ಬೇಡ. ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯನ್ನೇ ನೋಡೋಣ. ಕೆರೆ, ಹೊಲ, ಊರು, ಕೇರಿ ಎಂದಿದ್ದ ಈ ಹಳ್ಳಿ 2007ರಲ್ಲಿ ಬೆಂಗಳೂರು ಪಾಲಿಕೆಯೊಳಗೆ ಸೇರಿತು. ಹಳೇ ಊರು ಇದೆ, ಬಡಾವಣೆಗಳಿವೆ, ಗೇಟಿನಲ್ಲಿ ಕಾವಲುಗಾರನಿರುವ ಅಪಾರ್ಟ್‌ಮೆಂಟುಗಳಿವೆ. ಅವನ್ನು ಕಟ್ಟಲು ಬಂದ ಕೂಲಿಯವರ ತಗಡಿನ ಶೆಡ್ಡುಗಳೂ ಇವೆ. 2025ರಲ್ಲಿ ಇಂಥ ಊರುಗಳ ಬಾಗಿಲಿಗೆ ಎರಡು ಎಣಿಕೆಗಳು ಬಂದವು. ಮೇ ತಿಂಗಳಿನಿಂದ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ್ದು. ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ, ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ, ಹಿಂದುಳಿದ ವರ್ಗಗಳ ಆಯೋಗದ್ದು.

ಎರಡನೆಯ ಎಣಿಕೆ ಮನೆಗಳನ್ನು ಗುರುತಿಸಿದ್ದು ಕರೆಂಟಿನ ಮೀಟರಿನಿಂದ. ಜಾಣತನವೇ. ಆದರೆ ಒಂದು ಸಾಲು ಶೆಡ್ಡಿಗೆಲ್ಲ ಕಂಟ್ರಾಕ್ಟರ್ ಎಳೆಸಿಕೊಟ್ಟ ಒಂದೇ ವೈರು ಇರುವಲ್ಲಿ ಎಷ್ಟು ಮನೆ? ಮೀಟರಿಲ್ಲದ ಮನೆಯನ್ನೂ ಬರೆಯಬೇಕೆಂಬ ಸೂಚನೆ ಇತ್ತು, ನಿಜ. ಸೂಚನೆ ಕಾಗದದಲ್ಲಿರುತ್ತದೆ. ಬೆಳಗಿನ ಜಾವ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಬರುವ ಹೆಣ್ಣಾಳು ಹಗಲು ಹನ್ನೊಂದು ಗಂಟೆಗೆ ಬಂದ ಮೇಷ್ಟ್ರ ಕೈಗೆ ಸಿಗುವುದಿಲ್ಲ. ಇದು ತಳದ ಅಗುಳು.

ಇನ್ನು ಮೇಲಿನದು. ಅಲ್ಲಿ ಜನ ಸಿಗುತ್ತಾರೆ, ಮಾತಾಡುವುದಿಲ್ಲ. ಭಾಗವಹಿಸುವುದು ಅವರವರ ಇಷ್ಟ ಎಂದು ಹೈಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ಹೇಳಿತ್ತು. ನಾವು ಹಿಂದುಳಿದವರಲ್ಲ, ನಮ್ಮ ವಿವರ ನಿಮಗೇಕೆ ಅಂತ ಹೆಸರುವಾಸಿ ಸಿರಿವಂತರು ಬರೆದೇ ಕೊಟ್ಟರು. ಅವರ ಹಕ್ಕು ಅದು, ಇರಲಿ. ಲೆಕ್ಕದಲ್ಲಿ ಏನಾಗುತ್ತದೆ ನೋಡಿ. ಮಾತಿಗೆ ಹತ್ತು ಮನೆ ಅನ್ನಿ. ಎರಡು ಮನೆಗೆ ತಿಂಗಳಿಗೆ ಎರಡು ಲಕ್ಷ, ಆರು ಮನೆಗೆ ಇಪ್ಪತ್ತು ಸಾವಿರ, ಎರಡು ಮನೆಗೆ ಐದು ಸಾವಿರ. ಮೇಲಿನೆರಡು ಬಾಗಿಲು ಹಾಕಿಕೊಂಡವು. ಕೆಳಗಿನೆರಡಕ್ಕೆ ಬಾಗಿಲೇ ಇರಲಿಲ್ಲ. ವರದಿಯಲ್ಲಿ ಉಳಿಯುವುದು ಆರು ಮನೆ. ಎಲ್ಲರಿಗೂ ಇಪ್ಪತ್ತು ಸಾವಿರ. ಆಹಾ, ಎಂಥ ಸಮಾನತೆ! ರಕ್ತ ಹರಿಯದೆ, ಕ್ರಾಂತಿಯಾಗದೆ, ಒಂದು ಕೋಷ್ಟಕದಲ್ಲಿ ಸಮಾಜವಾದ ಬಂದುಬಿಟ್ಟಿತು.

ಎಣಿಸದೆಯೇ ಎಣಿಸಿದ ಗುರುತು ಹಚ್ಚುವ ಮೂರನೆಯ ದಾರಿಯೂ ಇದೆ. ಒಳಮೀಸಲಾತಿ ಸಮೀಕ್ಷೆಯ ಕಾಲದಲ್ಲಿ, 2025ರ ಜುಲೈನಲ್ಲಿ, ಬೆಂಗಳೂರಿನ ಕೆಲವೆಡೆ ಏನೂ ಕೇಳದೆ ಸ್ಟಿಕರ್ ಅಂಟಿಸಿ ಹೋದರೆಂದು ಗಲಾಟೆಯಾಗಿ, ಕೆಲವರು ಅಮಾನತಾದರು.

ಆದರೆ ಇವೆಲ್ಲಕ್ಕಿಂತ ಆಳದ ವಾಲಿಕೆ ಉತ್ತರದೊಳಗೇ ಇದೆ. ನಮ್ಮ ಕೇರಿಗಳಿಂದ ಮೊದಲ ಸಲ ಡಿಗ್ರಿ ಮಾಡಿ ಬೆಂಗಳೂರಿಗೆ ಬಂದ ನಾವು ಬಾಡಿಗೆ ಮನೆ ಹುಡುಕಿದವರು. 'ಊಟ ಏನು ಮಾಡ್ತೀರಪ್ಪಾ' ಅಂತ ಕೇಳಿದರೆ ಏನು ಕೇಳುತ್ತಿದ್ದಾರೆಂದು ನಮಗೆ ಗೊತ್ತು. ಆಗ ಹೇಳಿದ ಉತ್ತರವನ್ನೇ ಮನೆಯೊಳಗೆ ಬದುಕಬೇಕು. ಒಂದು ದಿನ ಸರ್ಕಾರದ ಮನುಷ್ಯ ಬಂದು ಜಗಲಿಯಲ್ಲಿ ನಿಂತು, ಮನೆಯ ಯಜಮಾನಿ ಮೆಟ್ಟಿಲ ಮೇಲೆ ನಿಂತು ಕೇಳುತ್ತಿರುವಾಗಲೇ, ನಿಮ್ಮ ಜಾತಿ ಯಾವುದು ಎನ್ನುತ್ತಾನೆ. ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ಲೆಕ್ಕ ಹೋಗುತ್ತದೆ. ಸುಳ್ಳು ಹೇಳಿದ ತಮ್ಮನನ್ನು ಸುಳ್ಳುಗಾರ ಅನ್ನೋಣವೆ? ಹರಿಶ್ಚಂದ್ರನ ಕಥೆ ಹೇಳಿ ಅವನಿಗೆ ಬುದ್ಧಿ ಹೇಳೋಣವೆ? ಸತ್ಯ ಹೇಳಿದರೆ ಬೀದಿಗೆ ತಳ್ಳುವ ಸಮಾಜಕ್ಕೆ ಸತ್ಯ ಕೇಳುವ ಹಕ್ಕು ಎಲ್ಲಿಂದ ಬಂತು? ಆ ಸುಳ್ಳಿನ ಕರ್ತೃ ಮೆಟ್ಟಿಲ ಮೇಲೆ ನಿಂತಿದ್ದಾಳೆ. ಅವಳೂ ಒಬ್ಬಳಲ್ಲ, ಅವಳ ಹಿಂದೆ ಒಂದು ವ್ಯವಸ್ಥೆ ನಿಂತಿದೆ. ಆನ್‌ಲೈನಿನಲ್ಲಿ ತಾವೇ ಘೋಷಿಸಿಕೊಳ್ಳುವ ದಾರಿಯನ್ನು ಆಯೋಗ ಮಾಡಿಕೊಟ್ಟದ್ದು ಸರಿಯಾದ ಕೆಲಸ. ಆದರೆ ಅದೂ ಮೊಬೈಲು, ಅಕ್ಷರ, ಬಿಡುವು ಇದ್ದವರ ದಾರಿ.

ಹೆಸರಿನ ತೊಡಕು ಬೇರೆ. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬವು ಕಳೆದ ಶತಮಾನದಲ್ಲಿ ಗೌರವಕ್ಕಾಗಿ ಹೊತ್ತ ಹೆಸರುಗಳು. ಒಂದು ಜಿಲ್ಲೆಯಲ್ಲಿ ಹೊಲೆಯರು ಹೊತ್ತ ಹೆಸರನ್ನು ಇನ್ನೊಂದರಲ್ಲಿ ಮಾದಿಗರು ಹೊತ್ತಿದ್ದಾರೆ. 2025ರ ಆಯೋಗಕ್ಕೆ ಈ ಹೆಸರುಗಳನ್ನಷ್ಟೇ ಹೇಳಿ ಮೂಲಜಾತಿ ಹೇಳದವರು ಸುಮಾರು 4.75 ಲಕ್ಷ. ಗೌರವ ಬೇಕೆಂದರೆ ಹೆಸರು ಮುಚ್ಚಬೇಕು, ಪಾಲು ಬೇಕೆಂದರೆ ಬಿಚ್ಚಬೇಕು. ಇಂಥ ಇಕ್ಕಟ್ಟಿನಲ್ಲಿ ಬ್ರಾಹ್ಮಣನನ್ನು ಯಾವ ಗಣತಿಯೂ ನಿಲ್ಲಿಸಿಲ್ಲ.

ಸಂಖ್ಯೆಗೆ ಅಧಿಕಾರ ಅಂಟಿಕೊಂಡ ಕೂಡಲೇ ಸಂಖ್ಯೆ ಅಲುಗುತ್ತದೆ ಎಂಬುದನ್ನು ಬಾಬಾಸಾಹೇಬರು ಕಣ್ಣಾರೆ ಕಂಡರು. ಸೈಮನ್ ಆಯೋಗ ಸಂಯುಕ್ತ ಪ್ರಾಂತದಲ್ಲಿ ಅಸ್ಪೃಶ್ಯರು ಕೋಟಿಗೂ ಹೆಚ್ಚೆಂದು ಅಂದಾಜಿಸಿತ್ತು. ಮತ ಮತ್ತು ಸ್ಥಾನದ ಮಾತು ಬಂದ ಮೇಲೆ, 1932ರ ಲೋಥಿಯನ್ ಸಮಿತಿಯ ಮುಂದೆ, ಅಲ್ಲಿನ ಪ್ರಾಂತೀಯ ಸಮಿತಿ ಹೇಳಿದ್ದು ಆರು ಲಕ್ಷ! ಬಾವಿ ಮುಟ್ಟಬಾರದು ಅನ್ನುವಾಗ ಕೋಟಿ, ಪಾಲು ಕೊಡುವಾಗ ಆರು ಲಕ್ಷ. ನಮ್ಮ ನಾಡಿನದೂ ಹೀಗೇ. ಮಲ ಎತ್ತುವ ಕುಟುಂಬಗಳು 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಕರ್ನಾಟಕದಲ್ಲಿ 15,375. ಅದೇ ಕೆಲಸ ಅಪರಾಧವೆಂಬ 2013ರ ಕಾನೂನು ಬಂದ ಮೇಲೆ, 2013 ಮತ್ತು 2018ರ ಎರಡು ಸಮೀಕ್ಷೆಗಳಲ್ಲಿ ಗುರುತಿಸಿದ್ದು ಒಟ್ಟು 2,927 ಜನ. ಎಣಿಸಿ ಪಟ್ಟಿ ಕೊಡಬೇಕಾದ್ದು ಸ್ಥಳೀಯ ಆಡಳಿತ. ತನ್ನ ಊರಿನಲ್ಲಿ ಈ ಕೆಲಸ ನಡೆದಿದೆಯೆಂದು ಬರೆದರೆ ತಪ್ಪಿತಸ್ಥ ಸ್ಥಾನಕ್ಕೆ ಬರುವುದೂ ಅದೇ ಆಡಳಿತ.

ಇಲ್ಲಿ ಒಂದು ಎಚ್ಚರ ಬೇಕು. ಲೆಕ್ಕವೇ ಸುಳ್ಳು, ಗಣತಿಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವವರು ಬೇರೆ ಇದ್ದಾರೆ. 2015ರ ಕಾಂತರಾಜ ಆಯೋಗ 5.98 ಕೋಟಿ ಜನರನ್ನು ಎಣಿಸಿತು. ಆಗಿನ ಅಂದಾಜು ಜನಸಂಖ್ಯೆ 6.35 ಕೋಟಿ. ಬಿಟ್ಟುಹೋದದ್ದು 37 ಲಕ್ಷ. ನಮ್ಮ ಮನೆಗೆ ಬಂದೇ ಇಲ್ಲ ಎಂದು ಬಲಿಷ್ಠ ಕೋಮುಗಳು ಕೂಗಿದವು. ಹತ್ತು ವರ್ಷ ತುಂಬಿತೆಂಬ ಕಾನೂನಿನ ಕಾರಣ ಕೊಟ್ಟು, 2025ರ ಜೂನ್‌ನಲ್ಲಿ ಸರ್ಕಾರ ಹೊಸ ಎಣಿಕೆಗೆ ತೀರ್ಮಾನಿಸಿತು. ಆ 37 ಲಕ್ಷದಲ್ಲಿ ಶೆಡ್ಡಿನವರೆಷ್ಟು, ಅಲೆಮಾರಿಗಳೆಷ್ಟು, ಬಂಗಲೆಯವರೆಷ್ಟು ಎಂದು ಕೂಗಿ ಕೇಳುವ ಗಂಟಲು ಶೆಡ್ಡಿಗಿರಲಿಲ್ಲ. ಒಂದೇ ದೋಷ ಒಬ್ಬನ ಕೈಯಲ್ಲಿ ಆಯುಧ, ಇನ್ನೊಬ್ಬನ ಕೊರಳಿಗೆ ಕಲ್ಲು.

ಆದ್ದರಿಂದ ವಾಲಿಕೆ ಲೆಕ್ಕದ ತಪ್ಪಷ್ಟೇ ಅಲ್ಲ. ಆಕಸ್ಮಿಕದ ತಪ್ಪು ಯಾರ ಮೇಲಾದರೂ ಬೀಳುತ್ತದೆ, ಅದನ್ನು ಕ್ಷಮಿಸಬಹುದು. ವಾಲಿಕೆ ಮತ್ತೆ ಮತ್ತೆ ಒಬ್ಬರ ಮೇಲೇ ಬೀಳುತ್ತದೆ. ಮತ್ತೆ ಮತ್ತೆ ಒಬ್ಬರ ಮೇಲೇ ಬೀಳುವುದಕ್ಕೆ ನಮ್ಮ ಭಾಷೆಯಲ್ಲಿ ಅನ್ಯಾಯ ಎನ್ನುತ್ತೇವೆ.

2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದೆಂದು 2025ರಲ್ಲಿ ಕೇಂದ್ರ ತೀರ್ಮಾನಿಸಿತು. 1931ರ ನಂತರ ಎಲ್ಲ ಜಾತಿಗಳ ಪೂರ್ಣ ಗಣತಿ ಇದೇ ಮೊದಲು. ಇಂಥ ಎಣಿಕೆಯ ಪೆನ್ನು ಹಿಡಿಯುವವರು ಹೆಚ್ಚಾಗಿ ಮೇಷ್ಟ್ರುಗಳೇ, ಅಂದರೆ ಈ ಪತ್ರಿಕೆ ಓದುವ ನೀವೇ. ಮನೆ ಯಜಮಾನನನ್ನು ಆಚೆ ಕಳಿಸಿ ಪ್ರಶ್ನೆ ಕೇಳಿ. ಕತ್ತಲಾದ ಮೇಲೆ ಇನ್ನೊಂದು ಸಲ ಶೆಡ್ಡಿಗೆ ಹೋಗಿ. ಬೀಗ ಹಾಕಿದೆ ಎಂದು ಬರೆಯುವ ಮುಂಚೆ ಬೀಗ ಹಾಕಿದವರು ಯಾರ ಮನೆ ಕಟ್ಟಲು ಹೋಗಿದ್ದಾರೆಂದು ಪಕ್ಕದವರನ್ನು ಕೇಳಿ. ವಿದ್ಯಾರ್ಥಿ ಗೆಳೆಯರೇ, ವರದಿ ಬಂದಾಗ ಎಷ್ಟು ಜನ ಸಿಕ್ಕರು ಎಂಬ ಪುಟ ಓದಿ ಸುಮ್ಮನಾಗಬೇಡಿ. ಯಾರು ಸಿಗಲಿಲ್ಲ, ಯಾಕೆ ಸಿಗಲಿಲ್ಲ ಎಂಬ ಪುಟ ಕೇಳಿ. ಆ ಪುಟ ಇಲ್ಲದಿದ್ದರೆ ಬರೆಸಿ.

ಸೌಟು ತಳ ಮುಟ್ಟಲಿ. ಅಗುಳಿನ ಮಾತು ಆಮೇಲೆ.