ದಿನಕ್ಕೊಂದು ಚಿತ್ರ: ನೋಟವೂ ವ್ರತವಾಗಬಲ್ಲುದೇ?

ಶ್ರಾವಕನು ಬಿಡತಕ್ಕುದೇನು, ಮಿತಿಗೊಳಿಸತಕ್ಕುದೇನು ಎಂಬುದನ್ನು ನಮ್ಮ ಆಚಾರ್ಯರು ವಿವರವಾಗಿ ತಿಳಿಸಿದ್ದಾರೆ. ರಾತ್ರಿಭೋಜನ, ಕಂದಮೂಲ, ಧನಧಾನ್ಯ, ಹೋಗಿಬರುವ ದಿಕ್ಕು, ಎಲ್ಲಕ್ಕೂ ಒಂದು ಎಲ್ಲೆಯುಂಟು. ನಾಲಗೆಗೆ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವನ್ನು ವಿಧಿಸುವ ನಾವು ಕಣ್ಣಿನ ವಿಷಯದಲ್ಲಿ ಮಾತ್ರ ಅಷ್ಟಾಗಿ ಯೋಚಿಸುವುದಿಲ್ಲ. ಈ ಯೋಚನೆ ನನಗೆ ಬಂದುದು ಶಾಸ್ತ್ರದ ಓದಿನಿಂದಲ್ಲ, ದಿನಕ್ಕೊಂದು ಛಾಯಾಚಿತ್ರವನ್ನು ತೆಗೆಯುವ ಅಭ್ಯಾಸದಿಂದ ಎಂದರೆ ಓದುಗ ಬಂಧುಗಳು ಆಶ್ಚರ್ಯಪಡಬಹುದು.

ಈ ಅಭ್ಯಾಸವನ್ನು ಬಹು ನಿಷ್ಠೆಯಿಂದ ಪಾಲಿಸಿದವನೊಬ್ಬನಿದ್ದನು. ನ್ಯೂಯಾರ್ಕ್ ನಗರದ ಜೇಮಿ ಲಿವಿಂಗ್‌ಸ್ಟನ್ ಎಂಬಾತನು 1979ರ ಮಾರ್ಚ್ 31ರಂದು ಆರಂಭಿಸಿ, 1997ರ ಅಕ್ಟೋಬರ್ 25ರಂದು ತನ್ನ 41ನೆಯ ಹುಟ್ಟುಹಬ್ಬದ ದಿನವೇ ತೀರಿಕೊಳ್ಳುವವರೆಗೆ ಪೋಲರಾಯ್ಡ್ ಕ್ಯಾಮರಾದಿಂದ ದಿನಕ್ಕೊಂದು ಚಿತ್ರವನ್ನು ತೆಗೆಯುತ್ತ ಬಂದನು. ಉಂಡ ಊಟ, ಬಂದ ಗೆಳೆಯರು, ಕುಳಿತ ಕೋಣೆ, ಕೊನೆಗೆ ತನ್ನ ಕಾಯಿಲೆ ಎಲ್ಲವೂ ಅದರಲ್ಲಿ ಸೇರಿದುವು. ಸಮಂತಭದ್ರಾಚಾರ್ಯರು ಭೋಗೋಪಭೋಗಗಳ ತ್ಯಾಗವನ್ನು ಹೇಳುವಾಗ, ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ ಎಂದು ವಿಭಾಗಿಸಿದ್ದಾರೆ. ಆತನು ಜೈನನಲ್ಲ; ಆತನ ಅಭ್ಯಾಸ ತ್ಯಾಗವೂ ಅಲ್ಲ. ಆದರೂ ಅದು ಯಮದ ರೂಪವನ್ನು ತಾಳಿತ್ತು.

ನಾನು ಕೈಕೊಂಡುದು ನಿಯಮ ಮಾತ್ರ. ಕಳೆದ ವರ್ಷ ಆಷಾಢದ ಹುಣ್ಣಿಮೆಯಿಂದ ಕಾರ್ತಿಕದ ಹುಣ್ಣಿಮೆಯವರೆಗೆ, ಮಗನು ಕೊಡಿಸಿದ ಮೊಬೈಲ್ ಫೋನಿನಲ್ಲಿ ದಿನಕ್ಕೊಂದೇ ಚಿತ್ರ. ಮನೆ, ಬಸದಿ, ಅವೆರಡರ ನಡುವಣ ದಾರಿ, ಇಷ್ಟೇ ಕ್ಷೇತ್ರ. ಮೊದಲ ವಾರದಲ್ಲಿಯೇ ತೆಗೆಯಲು ಏನೂ ಉಳಿದಿಲ್ಲವೆಂದು ತೋರಿತು. ಆಮೇಲೆ ಕಣ್ಣು ನಿಧಾನವಾಗಿ ತೆರೆಯಿತು. ಬಸದಿಯ ಮೆಟ್ಟಿಲುಗಳಲ್ಲಿ ಮೂರನೆಯದು ಮಾತ್ರ ನಡುವೆ ತಗ್ಗಾಗಿ ಸವೆದಿರುವುದನ್ನು ನಲವತ್ತು ವರ್ಷ ತುಳಿದವನು ಆಗ ಕಂಡೆನು. ಹೊಸ್ತಿಲಿನ ಅಡಿಯಲ್ಲಿ ಇರುವೆಗಳ ಸಾಲು ಮಳೆ ಹಿಡಿದ ದಿನ ಗೋಡೆಯ ಮೇಲಕ್ಕೆ ಏರುವುದನ್ನು ಕಂಡೆನು. ಒಂದು ಸಂಜೆ ದೀಪದ ಸುತ್ತ ಮುತ್ತಿದ ರೆಕ್ಕೆಯ ಗೆದ್ದಲುಗಳ ಚಿತ್ರವನ್ನು ತೆಗೆದೆನು. ಬೆಳಿಗ್ಗೆ ಅದನ್ನು ದೊಡ್ಡದು ಮಾಡಿ ನೋಡಿದಾಗ, ರಾತ್ರಿಭೋಜನತ್ಯಾಗದ ಕಾರಣವನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದ ನನಗೆ ಅದು ಅಂದೇ ಮನದಟ್ಟಾಯಿತು.

ಇದನ್ನೆಲ್ಲ ಕಂಡು ನನ್ನೊಳಗೆ ಒಂದು ಬಗೆಯ ಹೆಮ್ಮೆ ಹುಟ್ಟಿತ್ತು. ಮುನಿಗಳ ಈರ್ಯಾಸಮಿತಿಗೆ ನನ್ನ ಅಭ್ಯಾಸವನ್ನು ಹೋಲಿಸಿಕೊಳ್ಳುತ್ತಿದ್ದೆನು. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ ಅವರು ಹೆಜ್ಜೆಯಿಡುತ್ತಾರೆ. ನಾನೂ ನೋಡಿ ನಡೆಯುತ್ತಿದ್ದೇನೆ ಎಂದುಕೊಂಡೆನು. ಈ ಹೆಮ್ಮೆ ಮುರಿದುದು ದಶಲಕ್ಷಣ ಪರ್ವದ ಕೊನೆಯ ದಿನ.

ಅಂದು ಅನಂತ ಚತುರ್ದಶಿ. ನನ್ನ ಧರ್ಮಪತ್ನಿ ಅನಂತನ ನೋಂಪಿಯನ್ನು ಹಿಡಿದವರು. ಮಧ್ಯಾಹ್ನ ನಿರಾಹಾರರಾಗಿ, ಜಪಮಾಲೆಯನ್ನು ಕೈಯಲ್ಲಿಯೇ ಹಿಡಿದು, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಮಳೆ ಬಿಟ್ಟು ಕಿಟಕಿಯಿಂದ ಬಿಸಿಲು ಬಿದ್ದಿತ್ತು. ನಾನು ಚಿತ್ರವನ್ನು ತೆಗೆದೆನು. ನಾಲ್ಕು ತಿಂಗಳಲ್ಲಿ ಅಷ್ಟು ಚೆನ್ನಾದ ಚಿತ್ರ ಬೇರೊಂದು ಬಂದಿರಲಿಲ್ಲ. ಮರುದಿನ ಪಾರಣೆಗೆ ಬಂದ ನೆಂಟರಿಗೆ ತೋರಿಸಿದೆನು. ಅವರು ಆಕೆಯ ತಪಸ್ಸನ್ನು ಕೊಂಡಾಡಿದರು. ಎಲ್ಲರೂ ಹೋದ ಮೇಲೆ ಆಕೆ ಚಿತ್ರವನ್ನು ಕೇಳಿ ಪಡೆದು ಬಹಳ ಹೊತ್ತು ನೋಡಿದರು. "ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಏಳಲು ಶಕ್ತಿಯಿರಲಿಲ್ಲ. ನೀವು ಬಂದ ಸದ್ದು ಕೇಳಿತು, ಕಿಟಕಿ ಮುಚ್ಚುತ್ತೀರೆಂದು ತಿಳಿದೆ" ಎಂದರು. ಅದಕ್ಕಿಂತ ಹೆಚ್ಚಾಗಿ ಏನನ್ನೂ ಹೇಳಲಿಲ್ಲ.

ಚಿತ್ರಕ್ಕೆ ಸೊಬಗನ್ನು ಕೊಟ್ಟ ಬೆಳಕೇ ಆಕೆಯನ್ನು ಸುಡುತ್ತಿತ್ತು. ಬೆಳಕು ನನಗೆ ಕಂಡಿತು, ಬಾಧೆ ಕಾಣಲಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವ ಉಮಾಸ್ವಾಮಿ ಆಚಾರ್ಯರು ಪ್ರಮಾದವನ್ನೇ ಅದರ ಮೂಲದಲ್ಲಿ ಇಟ್ಟಿದ್ದಾರೆ. ಪ್ರಮಾದವೆಂದರೆ ನೋಡದೆ ನಡೆಯುವುದೆಂದು ನಾನು ಪಾಠ ಹೇಳಿದ್ದೆನು. ನೋಡುತ್ತಲೇ ಪ್ರಮಾದದಲ್ಲಿ ಇರಬಹುದೆಂಬುದನ್ನು ಅಂದು ಅರಿತೆನು. ಮುನಿಗಳ ದೃಷ್ಟಿ ನೆಲದ ಮೇಲಿರುವುದು ನೆಲದ ಚೆಲುವಿಗಾಗಿ ಅಲ್ಲ, ಅಲ್ಲಿರುವ ಜೀವಿಗಾಗಿ. ಆದುದರಿಂದಲೇ ಅವರ ಕೈಯಲ್ಲಿ ಪಿಂಛಿಯಿರುತ್ತದೆ. ಕಂಡ ಹುಳುವನ್ನು ಮೃದುವಾಗಿ ಸರಿಸಲು ಕೈ ಸಿದ್ಧವಿಲ್ಲದಿದ್ದರೆ ಆ ಕಣ್ಣಿನಿಂದ ಪ್ರಯೋಜನವೇನು? ನನ್ನ ಕೈಯಲ್ಲಿ ಪಿಂಛಿಯ ಸ್ಥಾನದಲ್ಲಿ ಫೋನು ಇತ್ತು.

ಇನ್ನೂ ಎರಡು ದೋಷಗಳನ್ನು ಹೇಳಬೇಕು. ಕೊಡದಿರುವುದನ್ನು ತೆಗೆದುಕೊಳ್ಳುವುದು ಸ್ತೇಯ. ನಿತ್ರಾಣದಿಂದ ಬಾಡಿದ ಮುಖವನ್ನು ಆಕೆ ನನಗೆ ಕೊಟ್ಟಿರಲಿಲ್ಲ. ಕರ್ಮನಿರ್ಜರೆಗಾಗಿ ಆಕೆ ಮೌನದಿಂದ ಮಾಡಿದ ಉಪವಾಸವನ್ನು ನಾನು ಪ್ರದರ್ಶನದ ವಸ್ತುವನ್ನಾಗಿ ಮಾಡಿದೆನು. ಎರಡನೆಯದು ಪರಿಗ್ರಹ. ಅದು ವಸ್ತುವಿನ ಲೆಕ್ಕದಲ್ಲಿಲ್ಲ, ಮಮತೆಯಲ್ಲಿದೆ ಎಂದು ನಾವೆಲ್ಲರೂ ಓದಿದ್ದೇವೆ. ಆ ಚಿತ್ರವನ್ನು ಅಳಿಸಬೇಕೆಂದು ನಿಶ್ಚಯಿಸಿದ ಮೇಲೆಯೂ ನನ್ನ ಬೆರಳು ಮೂರು ದಿನ ಹಿಂಜರಿಯಿತು. ನಾಲ್ಕನೆಯ ದಿನ ಪ್ರತಿಕ್ರಮಣದಲ್ಲಿ ದೋಷವನ್ನು ಹೇಳಿಕೊಂಡು ಅಳಿಸಿದೆನು.

ಹಾಗಾದರೆ ಈ ಅಭ್ಯಾಸವೇ ತ್ಯಾಜ್ಯವೇ? ಹಿಂದಿನ ಫಿಲ್ಮಿನ ಕಾಲದಲ್ಲಿ ಶ್ರಾವಕನಿಗೆ ಬೇರೊಂದು ಅಡ್ಡಿಯೂ ಇತ್ತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಗಾಜಿನ ಫಲಕಕ್ಕೆ ಜೆಲಟಿನ್ ಲೇಪವನ್ನು ಬಳಸುವ ವಿಧಾನವನ್ನು ಪ್ರಕಟಿಸಿದನು. ಮುಂದೆ ಫಿಲ್ಮಿಗೂ ಅದೇ ಆಧಾರವಾಯಿತು. ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ಆಗುವಂಥದು. ಫೋನಿನ ಚಿತ್ರಕ್ಕೆ ಆ ಲೇಪ ಬೇಕಿಲ್ಲ. ಆದರೆ ಒಂದು ಸುರುಳಿಗೆ 36 ಚಿತ್ರಗಳೆಂಬ ಎಲ್ಲೆಯೂ ಅದರೊಡನೆಯೇ ಹೋಯಿತು. ಹೊರಗಿನ ಎಲ್ಲೆ ಹೋದಲ್ಲಿ ಒಳಗಿನ ಎಲ್ಲೆಯನ್ನು ನಾವೇ ಹಾಕಿಕೊಳ್ಳಬೇಕು, ವ್ರತವಿರುವುದೇ ಅದಕ್ಕಾಗಿ.

ಆದುದರಿಂದ ನಿಯಮವನ್ನು ನಾನು ಬಿಡಲಿಲ್ಲ, ತಿದ್ದಿಕೊಂಡೆನು. ಕಂಡುದಕ್ಕೆ ಮಾಡಬೇಕಾದುದನ್ನು ಮೊದಲು ಮಾಡುವುದು, ಚಿತ್ರ ಆಮೇಲೆ. ಮನುಷ್ಯರನ್ನು ಕೇಳದೆ ತೆಗೆಯಕೂಡದು. ಹುಣ್ಣಿಮೆ ಬಂದಾಗ ತಿಂಗಳ ಚಿತ್ರಗಳನ್ನೊಮ್ಮೆ ನೋಡಿ ಎಲ್ಲವನ್ನೂ ಅಳಿಸುವುದು. ಮೊದಲನೆಯ ಮಾತನ್ನು ಪಾಲಿಸಿದ ಅನೇಕ ದಿನಗಳಲ್ಲಿ ಚಿತ್ರಕ್ಕೆ ಅವಕಾಶವೇ ಸಿಗಲಿಲ್ಲ. ನೀರಿನ ತೊಟ್ಟಿಗೆ ಬಿದ್ದ ಜೇನ್ನೊಣವನ್ನು ಎಲೆಯಿಂದ ಎತ್ತಿ ಬಿಸಿಲಿಗಿಟ್ಟು ಫೋನನ್ನು ತರುವಷ್ಟರಲ್ಲಿ ಅದು ಹಾರಿಹೋಗಿತ್ತು. ಆ ದಿನ ಚಿತ್ರವಿಲ್ಲ. ನಿಯಮಭಂಗವಾಯಿತೆಂದು ನನಗೆ ಅನಿಸಲೂ ಇಲ್ಲ.

ಮುಂಬರುವ ಚಾತುರ್ಮಾಸದಲ್ಲಿ ಇಂಥ ನಿಯಮವನ್ನು ಹಿಡಿಯಬಯಸುವ ಯುವಕ ಯುವತಿಯರು ಅವಶ್ಯವಾಗಿ ಹಿಡಿಯಲಿ. ಆದರೆ ಪ್ರತಿಸಲವೂ ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ: ಇಲ್ಲಿ ಮುಚ್ಚಬೇಕಾದ ಕಿಟಕಿಯೊಂದು ಇದೆಯೇ? ಇತ್ಯಲಂ.