ಹೊಸ್ತಿಲಿನ ಪ್ರಶ್ನೆ

ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ ಮಾತ್ರಕ್ಕೆ ಎಲ್ಲರಿಗೂ ತಿಳಿಸಿದಂತಾಯಿತೆ? ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ಹಿಟ್ನಾಳದ ಹೆಣ್ಣುಮಗಳೊಬ್ಬಳು, ಹತ್ತನೆಯದನ್ನು ಮುಗಿಸಬೇಕೆಂದು ನನ್ನಲ್ಲಿಗೆ ಬಂದಾಗ ಈ ಸಂದೇಹ ಹುಟ್ಟಿತು.

1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ನಿಯಮ ಉದಾರವಾದುದು. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ಎಂಟನೆಯದರ ಪ್ರಮಾಣಪತ್ರವಿಲ್ಲದವರು, ಈ ಪಾಠಕ್ರಮಕ್ಕೆ ಬೇಕಾದಷ್ಟು ಓದಿಕೊಂಡಿದ್ದೇನೆಂದು ತಾವೇ ಬರೆದುಕೊಟ್ಟರೂ ನಡೆಯುತ್ತದೆ. ಮನುಷ್ಯನ ಮಾತನ್ನು ಇಷ್ಟು ನಂಬುವ ಕಛೇರಿ ನಮ್ಮಲ್ಲಿ ಅಪರೂಪವೇ ಸರಿ! ಆದರೆ ಈ ಔದಾರ್ಯವನ್ನು ಓದಿಕೊಳ್ಳಲು ಅಂತರಜಾಲ ಬೇಕು. ಅರ್ಜಿಗೆ ಮೊಬೈಲ್ ಸಂಖ್ಯೆ, ಇ-ಮೇಲ್ ವಿಳಾಸ ಬೇಕು. ಇವನ್ನು ಅರ್ಹತೆಯೆಂದು ಯಾರೂ ಕರೆಯುವುದಿಲ್ಲ.

ಆಕೆಯ ಮನೆಗಿದ್ದ ಒಂದೇ ಫೋನು ದುಡಿಯಲು ಪರವೂರಿಗೆ ಹೋದ ಗಂಡನ ಜೇಬಿನಲ್ಲಿತ್ತು. ಉಪಕಾರಿಯ ಹೆಮ್ಮೆಯಿಂದ ನನ್ನದೇ ಸಂಖ್ಯೆ ತುಂಬಿದೆ. ಅಂದಿನಿಂದ ಆಕೆಗೆ ಬರುವ ಸೂಚನೆಯೆಲ್ಲ ನನ್ನ ಕೈಗೆ. ಮೊನ್ನೆ ಒಂದನ್ನು ನಾಲ್ಕು ದಿನ ನೋಡಲೇ ಇಲ್ಲ. ಆಕೆ ದೂರಲಿಲ್ಲ, "ನೀವರ ಏನ್ ಮಾಡ್ತೀರಿ ಸರ, ನಿಮಗೂ ಕೆಲಸ ಇರ್ತಾವ" ಎಂದಳು.

ಆ ಮಾತು ನನಗೆ ದೂರಿಗಿಂತ ಹೆಚ್ಚು ನೋವಾಯಿತು. ಆಕೆಯ ಸ್ವಾತಂತ್ರ್ಯಕ್ಕೆಂದು ಹೊರಟವನು ಇನ್ನೊಬ್ಬ ಯಜಮಾನನಾಗಿದ್ದೆ. ಆಕೆಯ ಹೆಸರಿನಲ್ಲೇ ಒಂದು ಸಂಖ್ಯೆ ಮಾಡಿಸಿ, ಬಳಸಲು ಕಲಿಸಬಹುದಿತ್ತು. ನನ್ನದನ್ನು ತುಂಬುವುದು ಸುಲಭವಾಗಿತ್ತು.